ನೆಲ ನಿಜಕ್ಕೂ ಡೊಂಕಿತ್ತು

ಕೆಲವು ವರ್ಷಗಳ ಹಿಂದೆ ಆಫೀಸಿನ ಕೆಲಸದ ಮೇಲೆ ಮೂರು ತಿಂಗಳು ಲಂಡನ್ನಿನಲ್ಲಿದ್ದೆ. ಶನಿವಾರ ಬಂತೆಂದರೆ ರೂಮಿನಲ್ಲಿ ಅನ್ನ ಸಾರು ಮಾಡಿ ಉಂಡು, ಯಾವುದೋ ಒಂದು ಬಸ್ಸು ಹತ್ತಿ, ಮಹಡಿಯ ಮುಂದಿನ ಸೀಟು ಹಿಡಿದು ಕೂರುವುದು. ಅದೇ ನನ್ನ ಪ್ರವಾಸ. ಹಾಗೆ ಒಂದು ದಿನ 22ನೇ ನಂಬರ್ ಬಸ್ಸಿನಲ್ಲಿ ಕಿಂಗ್ಸ್ ರೋಡ್ ಉದ್ದಕ್ಕೂ ಹೋಗಿ ವರ್ಲ್ಡ್ಸ್ ಎಂಡ್ ಅನ್ನುವ ಕಡೆ ಇಳಿದೆ. ಅಲ್ಲಿ 430ನೇ ನಂಬರಿನ ಸಣ್ಣ ಬಟ್ಟೆ ಅಂಗಡಿ ಒಂದಿದೆ. ಮೇಲೆ ದೊಡ್ಡ ಗಡಿಯಾರ. ಅದರಲ್ಲಿ 13 ಗಂಟೆಗಳಿವೆ, ಮುಳ್ಳು ಹಿಂದಕ್ಕೆ ತಿರುಗುತ್ತದೆ. ಒಳಗೆ ಕಾಲಿಟ್ಟರೆ ನೆಲವೇ ಒಂದು ಕಡೆಗೆ ವಾಲಿದೆ, ಹಡಗಿನಲ್ಲಿ ನಿಂತ ಹಾಗೆ. ಒಂದು ಅಂಗಿಯ ಚೀಟಿ ತಿರುಗಿಸಿ ಬೆಲೆ ನೋಡಿ, ಮೆತ್ತಗೆ ಅಲ್ಲೇ ಬಿಟ್ಟು ಹೊರಗೆ ಬಂದೆ.

ಫುಟ್‌ಪಾತಿನ ಮೇಲೆ ನಿಂತಾಗ ನಮ್ಮಜ್ಜಿಯ ಗಾದೆ ನೆನಪಾಗಿ ನಗು ಬಂತು. ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಯಾಕೆಂದರೆ ಇದೇ ಅಂಗಡಿಯಿಂದ 1975ರಲ್ಲಿ ನಾಲ್ಕು ಹುಡುಗರು ಎದ್ದು ಬಂದರು. ಅವರಿಗೆ ನೆಟ್ಟಗೆ ನುಡಿಸೋಕೆ ಬರುತ್ತಿರಲಿಲ್ಲ, ಹಾಡೋಕಂತೂ ಬರುತ್ತಲೇ ಇರಲಿಲ್ಲ. ಬಂದವರೇ ನೆಲ ಡೊಂಕು ಅಂತ ದೇಶಕ್ಕೆಲ್ಲ ಕೇಳುವ ಹಾಗೆ ಕಿರುಚಿದರು. (ಅಂಗಡಿಯ ನೆಲವನ್ನು ಬೇಕಂತಲೇ ಡೊಂಕು ಮಾಡಿಸಿದ್ದು ಆಮೇಲೆ, 1980ರಲ್ಲಿ. ಗಾದೆಗೆ ಹೊಂದಲಿ ಅಂತ ಇತಿಹಾಸ ತಿರುಚಬಾರದಲ್ವಾ.) ಬ್ಯಾಂಡಿನ ಹೆಸರು ಸೆಕ್ಸ್ ಪಿಸ್ಟಲ್ಸ್. ಆ ಹೆಸರು ಹೇಳಿದರೆ ಇವತ್ತಿಗೂ ನಮ್ಮ ಮನೆಯಲ್ಲಿ ದೊಡ್ಡವರು ಒಂದು ಸಲ ತಿರುಗಿ ನೋಡುತ್ತಾರೆ.

ನನಗೆ ಇವರು ಸಿಕ್ಕಿದ್ದು ತುಂಬ ತಡವಾಗಿ. ನಾನು ಓದಿದ್ದು ಬೆಂಗಳೂರಿನ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ. ಆಗ ನಮ್ಮ ಹಾಸ್ಟೆಲಿನಲ್ಲಿ ರಾಕ್ ಅಂದರೆ ಪಿಂಕ್ ಫ್ಲಾಯ್ಡ್, ಡೀಪ್ ಪರ್ಪಲ್, ಐರನ್ ಮೇಡನ್. ಗಿಟಾರ್ ಸೋಲೋ ಉದ್ದ ಆದಷ್ಟೂ ಕಲೆ ದೊಡ್ಡದು ಅನ್ನುವ ಲೆಕ್ಕ. 2002ರಲ್ಲಿ ಪಿಂಕ್ ಫ್ಲಾಯ್ಡಿನ ರೋಜರ್ ವಾಟರ್ಸ್ ಅರಮನೆ ಮೈದಾನಕ್ಕೆ ಬಂದಾಗ, ಪರೀಕ್ಷೆ ಫೀಸು ಅಂತ ಮನೆಗೆ ಸುಳ್ಳು ಹೇಳಿ ಟಿಕೆಟ್ಟಿಗೆ ದುಡ್ಡು ತರಿಸಿಕೊಂಡವನು ನಾನು. ಕಾಲೇಜು ಬ್ಯಾಂಡಿನಲ್ಲಿ ಕೆಲವು ದಿನ ಬೇಸ್ ಗಿಟಾರ್ ನುಡಿಸಿದೆ. ಫೆಸ್ಟಿಗೆ ಮೂರು ವಾರ ಇದೆ ಅನ್ನುವಾಗ ಗೆಳೆಯರು ನನ್ನನ್ನು ತೆಗೆದು ಇನ್ನೊಬ್ಬನನ್ನು ಹಾಕಿಕೊಂಡರು. ಅವರದೇನೂ ತಪ್ಪಿಲ್ಲ, ನನಗೆ ತಾಳ ನಿಲ್ಲುತ್ತಿರಲಿಲ್ಲ. ಅದೇ ದಿನಗಳಲ್ಲಿ ಪಕ್ಕದ ರೂಮಿನವನು ಒಂದು ಸಿಡಿ ಕೊಟ್ಟು ಕೇಳು ಅಂದ. ಎರಡು ಹಾಡು ಕೇಳಿ ವಾಪಸ್ ಕೊಟ್ಟೆ. ಗಲಾಟೆ ಅಷ್ಟೇ, ಇದರಲ್ಲಿ ಏನಿದೆ ಅಂದೆ. ಅವನು ನಕ್ಕು ಹೇಳಿದ, ಇದರಲ್ಲಿ ಹಾಡುವವನನ್ನು ಬ್ಯಾಂಡಿಗೆ ಆರಿಸಿದ್ದೇ ಅವನು ಹಾಕಿಕೊಂಡಿದ್ದ ಟಿ ಶರ್ಟ್ ನೋಡಿ ಕಣೋ, ಅದು ಪಿಂಕ್ ಫ್ಲಾಯ್ಡ್ ಟಿ ಶರ್ಟು, ಹೆಸರಿನ ಮೇಲೆ 'ಕಂಡರೆ ನನಗೆ ಆಗಲ್ಲ' ಅಂತ ಕೈಯಲ್ಲಿ ಗೀಚಿಕೊಂಡಿದ್ದ. ನನಗೆ ನಿಜವಾಗಿಯೂ ಸಿಟ್ಟು ಬಂತು. ಹಾಗೆ ನೋಡಿದರೆ, ಮೂವತ್ತು ವರ್ಷ ಹಳೆಯ ಟಿ ಶರ್ಟು ಎಂಟು ಸಾವಿರ ಕಿಲೋಮೀಟರ್ ದೂರದ ಹಾಸ್ಟೆಲ್ ರೂಮಿನಲ್ಲಿ ಒಬ್ಬನಿಗೆ ಸಿಟ್ಟು ತರಿಸಿತು ಅಂದರೆ ಅದರ ಕೆಲಸ ಚೆನ್ನಾಗಿಯೇ ಆಗಿತ್ತು.

ಆ ಟಿ ಶರ್ಟಿನ ಹುಡುಗ ಜಾನ್ ಲೈಡನ್. ಹಲ್ಲು ಹಾಳಾಗಿದ್ದಕ್ಕೆ ಬ್ಯಾಂಡಿನವರೇ ಜಾನಿ ರಾಟನ್ ಅಂತ ಹೆಸರಿಟ್ಟರು. ಉತ್ತರ ಲಂಡನ್ನಿನ ಬಡ ಐರಿಶ್ ಕುಟುಂಬ. ಏಳು ವರ್ಷದವನಿದ್ದಾಗ ಮೆನಿಂಜೈಟಿಸ್ ಬಂದು ಪ್ರಜ್ಞೆ ತಪ್ಪಿ ಬಿದ್ದ. ತಿಂಗಳುಗಟ್ಟಲೆ ಆಸ್ಪತ್ರೆ. ಎದ್ದಾಗ ಅಪ್ಪ ಅಮ್ಮ ಯಾರೆಂದೇ ಗೊತ್ತಾಗಲಿಲ್ಲ. ಮುಂದೆ ಜನ ಹೆದರಿದ ಆ ಕೆಕ್ಕರಿಸುವ ನೋಟ ಆ ಕಾಯಿಲೆ ಬಿಟ್ಟುಹೋದದ್ದು ಅಂತ ಅವನೇ ಹೇಳುತ್ತಾನೆ. ಗಿಟಾರಿನ ಸ್ಟೀವ್ ಜೋನ್ಸ್ ಓದು ಬರಹ ಸರಿಯಾಗಿ ಬಾರದ ಹುಡುಗ, ಕೈಚಳಕದ ಕಳ್ಳ. 1973ರಲ್ಲಿ ಡೇವಿಡ್ ಬೋವಿಯ ಕಾರ್ಯಕ್ರಮ ನಡೆಯುತ್ತಿದ್ದ ಹ್ಯಾಮರ್‌ಸ್ಮಿತ್ ಥಿಯೇಟರಿಗೆ ರಾತ್ರಿ ನುಗ್ಗಿ ಸ್ಟೇಜಿನ ಮೇಲಿದ್ದ ಸಾಮಾನು ಎತ್ತಿಕೊಂಡು ಬಂದಿದ್ದ. ಡ್ರಮ್ಮಿನ ಪಾಲ್ ಕುಕ್ ಕರೆಂಟ್ ಕೆಲಸ ಕಲಿಯುತ್ತಿದ್ದ. ಬೇಸ್ ನುಡಿಸುತ್ತಿದ್ದ ಗ್ಲೆನ್ ಮ್ಯಾಟ್‌ಲಾಕ್ ಶನಿವಾರ ಈ ಅಂಗಡಿಯಲ್ಲಿ ಕೆಲಸಕ್ಕಿದ್ದ. ಅಂಗಡಿ ಮಾಲ್ಕಮ್ ಮೆಕ್ಲಾರೆನ್ ಮತ್ತು ವಿವಿಯನ್ ವೆಸ್ಟ್‌ವುಡ್ ಅವರದು. 1974ರಲ್ಲಿ ಅವರು ಅದಕ್ಕೆ 'ಸೆಕ್ಸ್' ಅಂತ ಹೆಸರಿಟ್ಟು ದೊಡ್ಡ ಗುಲಾಬಿ ಅಕ್ಷರಗಳಲ್ಲಿ ಬೋರ್ಡು ಹಾಕಿದ್ದರು. ಮೆಕ್ಲಾರೆನ್‌ಗೆ ಬೇಕಿದ್ದದ್ದು ಅಂಗಡಿಯ ಬಟ್ಟೆ ಹಾಕಿಕೊಂಡು ಊರೆಲ್ಲ ಗಲಾಟೆ ಮಾಡುವ ಒಂದು ತಂಡ. ಅಷ್ಟೇ. ಸಂಗೀತದ ಬಗ್ಗೆ ಅವನಿಗೆ ಅಂಥಾ ಕಾಳಜಿ ಇತ್ತು ಅಂತ ನನಗನಿಸುವುದಿಲ್ಲ.

ಆಗಿನ ಇಂಗ್ಲೆಂಡನ್ನೂ ನೆನಪಿಡಬೇಕು. 1974ರ ಶುರುವಿನಲ್ಲಿ ಕಲ್ಲಿದ್ದಲು ಸಾಲದೆ ಕಾರ್ಖಾನೆಗಳಿಗೆ ವಾರಕ್ಕೆ ಮೂರೇ ದಿನ ಕರೆಂಟು. ಮುಂದಿನ ವರ್ಷ ಕೆಲಸವಿಲ್ಲದವರ ಲೆಕ್ಕ ಹತ್ತು ಲಕ್ಷ ದಾಟಿತು. 1976ರಲ್ಲಿ ಸರ್ಕಾರ ಐಎಂಎಫ್ ಮುಂದೆ ಕೈಚಾಚಿತು. ನಮ್ಮನ್ನು ಆಳಿದವರ ಮನೆಯಲ್ಲೇ ಒಲೆ ಉರಿಯುತ್ತಿರಲಿಲ್ಲ. ಹದಿನೇಳು ಹದಿನೆಂಟರ ಹುಡುಗರಿಗೆ ಸ್ಕೂಲು ಮುಗಿದ ಮೇಲೆ ಕಾಣುತ್ತಿದ್ದದ್ದು ನಿರುದ್ಯೋಗ ಭತ್ಯೆಯ ಕ್ಯೂ. ರೇಡಿಯೋ ಹಾಕಿದರೆ ಕೋಟ್ಯಾಧಿಪತಿಗಳು ಇಪ್ಪತ್ತು ನಿಮಿಷದ ಹಾಡು ಹಾಡುತ್ತಿದ್ದರು. (ನನ್ನ ಫ್ಲಾಯ್ಡ್ ಕೂಡ ಆ ಗುಂಪಿನಲ್ಲೇ ಇದ್ದರು, ಏನು ಮಾಡೋದು.)

1975ರ ನವೆಂಬರ್ 6ರಂದು ಸೇಂಟ್ ಮಾರ್ಟಿನ್ಸ್ ಆರ್ಟ್ ಸ್ಕೂಲಿನಲ್ಲಿ ಇವರ ಮೊದಲ ಕಾರ್ಯಕ್ರಮ. ಕೆಲವೇ ಹಾಡಿಗೆ ಯಾರೋ ವೈರು ಕಿತ್ತು ನಿಲ್ಲಿಸಿದರು. ಆದರೆ ಅವತ್ತಿನ ಮುಖ್ಯ ಬ್ಯಾಂಡಿನಲ್ಲಿ ಬೇಸ್ ನುಡಿಸುತ್ತಿದ್ದವನು, ಮುಂದೆ ಆಡಮ್ ಆಂಟ್ ಅಂತ ದೊಡ್ಡ ಹೆಸರು ಮಾಡಿದವನು, ಇವರನ್ನು ನೋಡಿ ತನ್ನ ಬ್ಯಾಂಡನ್ನೇ ಬಿಟ್ಟುಬಿಟ್ಟ. ಇದು ಆಮೇಲೆ ರೂಢಿಯೇ ಆಯಿತು. ಇವರು ಹೋದ ಕಡೆಯಲ್ಲೆಲ್ಲ ಒಬ್ಬಿಬ್ಬರಿಗೆ ಹುಚ್ಚು ಹತ್ತುತ್ತಿತ್ತು. 1976ರ ಏಪ್ರಿಲ್‌ನಲ್ಲಿ ಒಂದು ಪಬ್ಬಿನಲ್ಲಿ ಇವರು ಜೋ ಸ್ಟ್ರಮ್ಮರನ ಬ್ಯಾಂಡಿಗಿಂತ ಮುಂಚೆ ನುಡಿಸಿದರು. ಕೇಳುತ್ತಾ ನಿಂತ ಸ್ಟ್ರಮ್ಮರನಿಗೆ, ತಾನು ನಿನ್ನೆಯವನಾದೆ ಅಂತ ಅಲ್ಲೇ ಅನಿಸಿತಂತೆ. ಸ್ವಲ್ಪ ದಿನದಲ್ಲೇ ಆ ಬ್ಯಾಂಡ್ ಬಿಟ್ಟು ಕ್ಲ್ಯಾಶ್ ಅನ್ನುವ ಬ್ಯಾಂಡ್ ಸೇರಿದ.

ಜೂನ್ 4ರಂದು ಮ್ಯಾಂಚೆಸ್ಟರಿನ ಲೆಸರ್ ಫ್ರೀ ಟ್ರೇಡ್ ಹಾಲಿನಲ್ಲಿ ನಡೆದದ್ದನ್ನು ಎಷ್ಟು ಸಲ ಓದಿದರೂ ನನಗೆ ಬೇಜಾರಾಗುವುದಿಲ್ಲ. ಅವತ್ತು ಬಂದಿದ್ದವರು ಹೆಚ್ಚೆಂದರೆ ನಲವತ್ತು ಜನ. ಅಷ್ಟರಲ್ಲೇ ಬರ್ನಾರ್ಡ್ ಸಮ್ನರ್, ಪೀಟರ್ ಹುಕ್ ಇದ್ದರು. ಹುಕ್ ಮರುದಿನವೇ ಹೋಗಿ ಬೇಸ್ ಗಿಟಾರ್ ಕೊಂಡ. ಇಬ್ಬರೂ ಸೇರಿ ಮುಂದೆ ಜಾಯ್ ಡಿವಿಷನ್ ಕಟ್ಟಿದರು, ಅದಾದ ಮೇಲೆ ನ್ಯೂ ಆರ್ಡರ್. ಸ್ಮಿತ್ಸ್ ಬ್ಯಾಂಡಿನ ಮಾರಿಸ್ಸಿಯೂ ಆ ಹಾಲಿನಲ್ಲಿದ್ದ. ಕಾರ್ಯಕ್ರಮ ಏರ್ಪಡಿಸಿದ ಇಬ್ಬರು ಹುಡುಗರೇ ಬಜ್‌ಕಾಕ್ಸ್ ಕಟ್ಟಿದವರು. ಆಮೇಲೆ ನಾನೂ ಅಲ್ಲಿದ್ದೆ ಅಂತ ಹೇಳಿಕೊಂಡವರನ್ನೆಲ್ಲ ಲೆಕ್ಕ ಹಾಕಿದರೆ ಆ ಹಾಲು ಫುಟ್‌ಬಾಲ್ ಸ್ಟೇಡಿಯಂ ಆಗಬೇಕಿತ್ತು ಅನ್ನುವುದು ಮ್ಯಾಂಚೆಸ್ಟರಿನ ಹಳೇ ಜೋಕು.

ಅವರಿಗೆಲ್ಲ ಅವತ್ತು ಆಗಿದ್ದೇನು? ಅದ್ಭುತ ಸಂಗೀತ ಕೇಳಿ ಮೈಮರೆತರಾ? ಇಲ್ಲ. ಅವರಲ್ಲಿ ಹಲವರು ಹೇಳುವುದು ಒಂದೇ ಮಾತು, ಇಷ್ಟೇನಾ, ಇದನ್ನ ನಾವೂ ಮಾಡಬಹುದಲ್ವಾ. ದೊಡ್ಡ ಸಂಗೀತ ಕೇಳಿದಾಗ ನಮಗೆ ಕೈ ಮುಗಿಯಬೇಕು ಅನಿಸುತ್ತದೆ. ಇದನ್ನು ಕೇಳಿದವರಿಗೆ ಗಿಟಾರ್ ಕೊಳ್ಳಬೇಕು ಅನಿಸಿತು. ತಾಳ ನಿಲ್ಲಲಿಲ್ಲ ಅಂತ ಬ್ಯಾಂಡಿನಿಂದ ಹೊರಬಿದ್ದವನಿಗೆ ಇದು ಸ್ವಲ್ಪ ಜಾಸ್ತಿಯೇ ತಾಗುತ್ತದೆ ಬಿಡಿ. ಬೆಂಗಳೂರಿನಲ್ಲಿ ನಾವು ಬರೀ ಕೈ ಮುಗಿಯುವವರಾಗಿದ್ದೆವು. ನಮ್ಮ ಫೆಸ್ಟುಗಳಲ್ಲಿ ಮೂರು ಜನ ಜಡ್ಜುಗಳು ಕೂತು ಸೋಲೋಗೆ ಇಷ್ಟು ಮಾರ್ಕು ಅಂತ ಹಾಕುತ್ತಿದ್ದರು. ಪಿಸ್ಟಲ್ಸ್ ಅಲ್ಲಿಗೆ ಬಂದಿದ್ದರೆ ಮೊದಲ ರೌಂಡಿನಲ್ಲೇ ಮನೆಗೆ.

ಇಷ್ಟಾದರೂ 1976ರ ನವೆಂಬರ್ ತನಕ ಇವರು ಸಂಗೀತದ ಪತ್ರಿಕೆ ಓದುವವರಿಗೆ ಮಾತ್ರ ಗೊತ್ತಿದ್ದರು. ಇಎಂಐ ಕಂಪನಿ 40,000 ಪೌಂಡು ಕೊಟ್ಟು ಸಹಿ ಹಾಕಿಸಿಕೊಂಡಿತ್ತು, 'ಅನಾರ್ಕಿ ಇನ್ ದ ಯುಕೆ' ಹೊರಬಂದಿತ್ತು. ಡಿಸೆಂಬರ್ 1ರ ಸಂಜೆ ಟಿವಿಯ ಒಂದು ನೇರ ಕಾರ್ಯಕ್ರಮಕ್ಕೆ ಬರಬೇಕಿದ್ದ ಕ್ವೀನ್ ಬ್ಯಾಂಡ್ ಬರಲಿಲ್ಲ. ಆ ಜಾಗಕ್ಕೆ ಕಂಪನಿ ಇವರನ್ನು ತಂದು ಕೂರಿಸಿತು. ಲಂಡನ್ ಸುತ್ತಮುತ್ತ ಮಾತ್ರ ಕಾಣುತ್ತಿದ್ದ ಕಾರ್ಯಕ್ರಮ. ಜನ ಚಹಾ ಕುಡಿಯುತ್ತಾ, ಮಕ್ಕಳನ್ನು ಪಕ್ಕ ಕೂರಿಸಿಕೊಂಡು ನೋಡುವ ಹೊತ್ತು. ನಿರೂಪಕ ಬಿಲ್ ಗ್ರಂಡಿ, 53 ವರ್ಷದ ಅನುಭವಿ. ನನ್ನಷ್ಟೇ ಕುಡಿದಿದ್ದಾರೆ ಇವರೂ ಅಂತ ಪರಿಚಯ ಮಾಡಿಕೊಟ್ಟ.

ಆ ತುಣುಕನ್ನು ಈಗಲೂ ನೋಡಬಹುದು, ನೀವೂ ನೋಡಿ. ಕಂಪನಿ ಕೊಟ್ಟ ದುಡ್ಡು ಏನಾಯಿತು ಅಂತ ಗ್ರಂಡಿ ಕೇಳಿದಾಗ, ಖರ್ಚಾಯ್ತು ಅಂತ ಜೋನ್ಸ್ ಬೈಗುಳ ಸೇರಿಸಿಯೇ ಹೇಳುತ್ತಾನೆ. ಅದು ಯಾರ ಕಿವಿಗೂ ಬಿದ್ದ ಹಾಗೆ ಕಾಣುವುದಿಲ್ಲ. ಲೈಡನ್ ಗೊಣಗುತ್ತಾ ಒಂದು ಕೆಟ್ಟ ಮಾತಾಡುತ್ತಾನೆ. ಗ್ರಂಡಿ ಬಿಡುವುದಿಲ್ಲ, ಏನಂದೆ, ಏನಂದೆ ಅಂತ ಕೆದಕುತ್ತಾನೆ. ಲೈಡನ್ ಪಾಪ, ಏನಿಲ್ಲ, ಒಂದು ಒರಟು ಮಾತು, ಮುಂದಿನ ಪ್ರಶ್ನೆ ಕೇಳಿ ಅಂತ ಸ್ಕೂಲ್ ಹುಡುಗನ ಥರ ತಲೆ ತಗ್ಗಿಸುತ್ತಾನೆ. ಹಿಂದೆ ನಿಂತಿದ್ದ ಗೆಳೆಯರಲ್ಲಿ ಸೂಸಿ ಅನ್ನುವ 19 ವರ್ಷದ ಹುಡುಗಿ ಇದ್ದಳು, ಮುಂದೆ ಸೂಸಿ ಅಂಡ್ ದ ಬ್ಯಾನ್ಶೀಸ್ ಕಟ್ಟಿದವಳು. ನಿಮ್ಮನ್ನು ಭೇಟಿ ಆಗಬೇಕು ಅಂತ ಯಾವಾಗಲೂ ಅಂದುಕೊಳ್ಳುತ್ತಿದ್ದೆ ಅಂತ ಅವಳು ತಮಾಷೆ ಮಾಡಿದಾಗ, ಹಾಗಾದರೆ ಕಾರ್ಯಕ್ರಮ ಮುಗಿದ ಮೇಲೆ ಭೇಟಿ ಆಗೋಣ ಅನ್ನುತ್ತಾನೆ ಗ್ರಂಡಿ. ಜೋನ್ಸ್ ಸಿಡಿದದ್ದು ಆವಾಗ. ಥೂ ಹೊಲಸು ಮುದುಕ ಅನ್ನುತ್ತಾನೆ. ಗ್ರಂಡಿ ಸುಮ್ಮನಾಗಬೇಕಿತ್ತು. ಅದು ಬಿಟ್ಟು, ಇನ್ನೂ ಐದು ಸೆಕೆಂಡು ಇದೆ, ಏನಾದರೂ ಕೆಟ್ಟದ್ದು ಹೇಳು ನೋಡೋಣ ಅಂತ ಹುರಿದುಂಬಿಸುತ್ತಾನೆ. ಜೋನ್ಸ್ ಹೇಳಿದ. ಕೇಳಿದ್ದಕ್ಕಿಂತ ಒಂದೆರಡು ಜಾಸ್ತಿಯೇ ಹೇಳಿದ.

ಎರಡು ನಿಮಿಷಕ್ಕಿಂತ ಚೂರು ಹೆಚ್ಚು ಹೊತ್ತು, ಅಷ್ಟೇ. ಮರುದಿನ ಪತ್ರಿಕೆಗಳ ಮುಖಪುಟ ತುಂಬ ಇವರೇ. ಡೈಲಿ ಮಿರರ್ ದೊಡ್ಡಕ್ಷರದಲ್ಲಿ ಹೊಲಸು ಅಂತ ಬರೆಯಿತು. ಒಬ್ಬ ಲಾರಿ ಡ್ರೈವರ್ ತನ್ನ ಎಂಟು ವರ್ಷದ ಮಗ ಇದನ್ನೆಲ್ಲ ಕೇಳಿದ ಅನ್ನುವ ಸಿಟ್ಟಿಗೆ 380 ಪೌಂಡಿನ ಕಲರ್ ಟಿವಿಯನ್ನೇ ಒದ್ದು ಒಡೆದ ಅಂತ ಸುದ್ದಿ. ಗ್ರಂಡಿಯನ್ನು ಎರಡು ವಾರ ಮನೆಗೆ ಕಳಿಸಿದರು. ಅಂದು ಯಾವ ಪತ್ರಿಕೆಗೂ 53ರ ಮನುಷ್ಯ 19ರ ಹುಡುಗಿಗೆ ಟಿವಿಯಲ್ಲೇ ಹಾಗೆ ಕೇಳಿದ್ದು ದೊಡ್ಡ ವಿಷಯ ಅನಿಸಲಿಲ್ಲ. ನನಗೂ ಮೊದಲ ಸಲ ನೋಡಿದಾಗ ಅದು ಕಾಣಲಿಲ್ಲ, ಬೈಗುಳ ಎಣಿಸುತ್ತಾ ಕೂತಿದ್ದೆ. ಹೆಣ್ಣುಮಗಳ ಅಪ್ಪನಾದ ಮೇಲೆ ನೋಡಿದಾಗ ಕಂಡಿದ್ದು ಅದೊಂದೇ.

ಬಯ್ಯೋಕೆ ಬಂದವರೇ ಬ್ಯಾಂಡನ್ನು ಬೆಳೆಸಿದರು. ಕಾರ್ಖಾನೆಯಲ್ಲಿ ರೆಕಾರ್ಡ್ ಪ್ಯಾಕ್ ಮಾಡುವ ಹೆಂಗಸರು ಇದನ್ನು ನಾವು ಮುಟ್ಟಲ್ಲ ಅಂತ ಕೈಕಟ್ಟಿ ಕೂತರು. ದೇಶ ಸುತ್ತಲು ಹೊರಟಿದ್ದ ಪ್ರವಾಸದಲ್ಲಿ ಊರೂರಿನ ಕೌನ್ಸಿಲುಗಳು ಹಾಲು ಕೊಡಲಿಲ್ಲ. ಇಪ್ಪತ್ತರ ಆಸುಪಾಸಿನ ಕಾರ್ಯಕ್ರಮಗಳಲ್ಲಿ ಬೆರಳೆಣಿಕೆಯಷ್ಟು ನಡೆದವು. ಡರ್ಬಿಯ ಕೌನ್ಸಿಲರುಗಳಂತೂ ಮೊದಲು ನಮ್ಮ ಮುಂದೆ ನುಡಿಸಿ ತೋರಿಸಿ, ಆಮೇಲೆ ನೋಡೋಣ ಅಂದರು. ಅಳಿಯನನ್ನು ನೋಡಲು ಕೂತ ಹಾಗೆ ಕೂತೇ ಇದ್ದರು, ಇವರು ಬರಲೇ ಇಲ್ಲ. ವೇಲ್ಸಿನ ಕೇರ್ಫಿಲಿಯಲ್ಲಿ ಮಾತ್ರ ಒಂದು ಸಿನಿಮಾ ಟಾಕೀಸು ಸಿಕ್ಕಿತು. ಡಿಸೆಂಬರ್ 14, ಕ್ರಿಸ್‌ಮಸ್ ಹತ್ತಿರ, ಕೊರೆಯುವ ಚಳಿ. ಒಳಗೆ ಇವರು ನುಡಿಸುತ್ತಿದ್ದರೆ ಎದುರಿನ ಕಾರ್ ಪಾರ್ಕಿನಲ್ಲಿ ಪಾದ್ರಿಗಳು, ತಾಯಂದಿರು, ಮಕ್ಕಳು ನಿಂತು ಏಸುವಿನ ಕೀರ್ತನೆ ಹಾಡುತ್ತಿದ್ದರು. ಒಳಗಿದ್ದವರಿಗಿಂತ ಹೊರಗಿದ್ದವರೇ ಜಾಸ್ತಿ. ಆ ಊರಿನ ಜನರ ಮೇಲೆ ನನಗೆ ಸಿಟ್ಟಿಲ್ಲ. ತಮ್ಮ ಮಕ್ಕಳನ್ನು ಕಾಪಾಡುತ್ತಿದ್ದೇವೆ ಅಂತ ಮನಸಾರೆ ನಂಬಿ ಚಳಿಯಲ್ಲಿ ನಿಂತವರು ಅವರು.

ಕಂಪನಿಗಳ ಕಥೆ ಇನ್ನೊಂದು. ಇಎಂಐ ಜನವರಿಯಲ್ಲಿ ಕೈಬಿಟ್ಟಿತು. 1977ರ ಮಾರ್ಚ್ 10ರಂದು ಎ ಅಂಡ್ ಎಂ ಕಂಪನಿ ಬಕಿಂಗ್‌ಹ್ಯಾಮ್ ಅರಮನೆಯ ಹೊರಗೆ ಮೇಜು ಹಾಕಿ ಪತ್ರಕರ್ತರ ಮುಂದೆ ಸಹಿ ಮಾಡಿಸಿಕೊಂಡು, ವಾರದೊಳಗೆ ಒಪ್ಪಂದ ಹರಿದು ಹಾಕಿತು. ಅಚ್ಚಾಗಿದ್ದ ಸುಮಾರು 25,000 ರೆಕಾರ್ಡುಗಳನ್ನು ನಾಶ ಮಾಡಿದರು. ಹುಡುಗರ ಕೈಗೆ 75,000 ಪೌಂಡು ಬಂತು, ಒಂದು ಹಾಡೂ ಅಂಗಡಿಗೆ ಹೋಗಲಿಲ್ಲ. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ. ಉಳಿದುಹೋದ ಕೆಲವೇ ಪ್ರತಿಗಳು ಈಗ ಹರಾಜಿನಲ್ಲಿ ಹತ್ತು ಸಾವಿರ ಪೌಂಡು ದಾಟುತ್ತವೆ. ಕೊನೆಗೆ ವರ್ಜಿನ್ ಕಂಪನಿ ಮೇ ತಿಂಗಳಲ್ಲಿ ರಾಣಿಯನ್ನು ಕೆಣಕುವ 'ಗಾಡ್ ಸೇವ್ ದ ಕ್ವೀನ್' ಹೊರತಂದಿತು. ಅದು ರಾಣಿ ಪಟ್ಟಕ್ಕೇರಿ 25 ವರ್ಷ ಆದ ವರ್ಷ, ಬೀದಿ ಬೀದಿಯಲ್ಲಿ ತೋರಣ. ಬಿಬಿಸಿ ಹಾಡನ್ನು ನಿಷೇಧಿಸಿತು. ಆದರೂ ಮಾರಾಟದ ಪಟ್ಟಿಯಲ್ಲಿ ಎರಡನೇ ಸ್ಥಾನಕ್ಕೆ ಬಂತು. ಒಂದನೇ ಸ್ಥಾನದಲ್ಲಿ ರಾಡ್ ಸ್ಟೀವರ್ಟ್. ಬೇಕಂತಲೇ ಒಂದು ಮೆಟ್ಟಿಲು ಕೆಳಗೆ ಇಟ್ಟರು ಅನ್ನುವ ಅನುಮಾನ ಇವತ್ತಿಗೂ ಹೋಗಿಲ್ಲ. ಕೆಲವು ಅಂಗಡಿಗಳ ಪಟ್ಟಿಯಲ್ಲಿ ಎರಡನೇ ಸಾಲೇ ಖಾಲಿ. ಆ ಜೂನ್ ತಿಂಗಳಲ್ಲಿ ಲೈಡನ್ ಮೇಲೆ ಪಬ್ಬಿನ ಹೊರಗೆ ಚಾಕುವಿನಿಂದ ದಾಳಿ ಆಯಿತು, ಕುಕ್‌ಗೆ ಕಬ್ಬಿಣದ ಸರಳಿನಿಂದ ಹೊಡೆದರು. ಹಾಡಿಗೆ ಉತ್ತರ ಕಬ್ಬಿಣದ ಸರಳು.

ನಾಟಿಂಗ್‌ಹ್ಯಾಮಿನ ಕೇಸನ್ನು ಹೇಳದೆ ಮುಂದೆ ಹೋಗೋಕಾಗಲ್ಲ. ಅಕ್ಟೋಬರಿನಲ್ಲಿ ಬಂದ ಅವರ ಒಂದೇ ಒಂದು ಆಲ್ಬಮ್ಮಿನ ಹೆಸರು 'ನೆವರ್ ಮೈಂಡ್ ದ ಬಾಲಕ್ಸ್, ಹಿಯರ್ ಈಸ್ ದ ಸೆಕ್ಸ್ ಪಿಸ್ಟಲ್ಸ್'. ಅದನ್ನು ಕಿಟಕಿಯಲ್ಲಿ ಇಟ್ಟ ಅಂಗಡಿಯವನ ಮೇಲೆ ಪೊಲೀಸರು 1889ರ ಅಸಭ್ಯ ಜಾಹೀರಾತು ಕಾಯ್ದೆ ಹುಡುಕಿ ಕೇಸು ಹಾಕಿದರು. ಅಲ್ಲಿನ ಯೂನಿವರ್ಸಿಟಿಯ ಇಂಗ್ಲಿಷ್ ಪ್ರೊಫೆಸರ್ ಜೇಮ್ಸ್ ಕಿನ್ಸ್ಲಿ ಸಾಕ್ಷಿ ಹೇಳಲು ಬಂದರು. ಬಾಲಕ್ಸ್ ಅನ್ನುವ ಆ ಒರಟು ಮಾತು ಹಳೆಯ ಇಂಗ್ಲಿಷಿನದು, ಒಂದು ಕಾಲಕ್ಕೆ ಪಾದ್ರಿಗೆ ಆಡುವ ಅಡ್ಡಹೆಸರಾಗಿತ್ತು, ಪಾದ್ರಿಗಳು ಅಸಂಬದ್ಧ ಮಾತಾಡುತ್ತಾರೆ ಅಂತ ಆಮೇಲೆ ಅಸಂಬದ್ಧ ಅನ್ನುವ ಅರ್ಥ ಬಂತು ಅಂತ ಗಂಭೀರವಾಗಿ ಪಾಠ ಮಾಡಿದರು. ಮ್ಯಾಜಿಸ್ಟ್ರೇಟರು, ಮನುಷ್ಯನ ಕೀಳು ಬುದ್ಧಿಯನ್ನು ದುಡ್ಡಿಗೆ ಬಳಸುವ ನಿಮ್ಮನ್ನು ಕಂಡರೆ ನಮಗಾಗುವುದಿಲ್ಲ, ಆದರೂ ಮನಸ್ಸಿಲ್ಲದ ಮನಸ್ಸಿನಿಂದ ಬಿಡುತ್ತಿದ್ದೇವೆ ಅಂದರು. ಒಂದು ಪದದ ಮೂಲ ಹುಡುಕಿ ಕೇಸು ಗೆದ್ದ ಪ್ರೊಫೆಸರನ್ನು ನೆನೆದರೆ ಭಾಷೆ ಓದಿದವರ ಮೇಲೆ ಗೌರವ ಬರುತ್ತದೆ.

ಈಗ ಹಡರ್ಸ್‌ಫೀಲ್ಡ್. 1977ರ ಕ್ರಿಸ್‌ಮಸ್ ದಿನ. ದೇಶದ ಅಗ್ನಿಶಾಮಕ ದಳದವರು ನವೆಂಬರಿನಿಂದ ಮುಷ್ಕರದಲ್ಲಿದ್ದರು. ಸಂಬಳವಿಲ್ಲ, ಮಕ್ಕಳಿಗೆ ಹಬ್ಬವಿಲ್ಲ. ಆ ಮಕ್ಕಳಿಗಾಗಿ ಇವರು ಮಧ್ಯಾಹ್ನ ಒಂದು ಕಾರ್ಯಕ್ರಮ ಕೊಟ್ಟರು. ದೊಡ್ಡ ಕೇಕು, ಉಡುಗೊರೆ, ಟಿ ಶರ್ಟು. ಲೈಡನ್ ಕೇಕಿಗೆ ಮುಖ ಅದ್ದಿದ, ಮಕ್ಕಳು ಅವನಿಗೆ ಕೇಕು ಎಸೆದರು, ಅವನು ತಿರುಗಿ ಎಸೆದ. ಮುಖಕ್ಕೆಲ್ಲ ಕ್ರೀಮು ಮೆತ್ತಿಕೊಂಡು ನಗುತ್ತಿರುವ ಆ ಹುಡುಗನನ್ನು ನೋಡಿದರೆ, ಒಂದು ವರ್ಷದ ಹಿಂದೆ ತಾಯಂದಿರು ಚಳಿಯಲ್ಲಿ ನಿಂತು ಕೀರ್ತನೆ ಹಾಡಿದ್ದು ಇವನ ವಿರುದ್ಧವಾ ಅನಿಸುತ್ತದೆ. ಅದೇ ರಾತ್ರಿ ದೊಡ್ಡವರಿಗಾಗಿ ಇನ್ನೊಂದು. ಅದಾದ ಮೇಲೆ ಆ ಕಾಲದಲ್ಲಿ ಇಂಗ್ಲೆಂಡಿನಲ್ಲಿ ಅವರು ಮತ್ತೆ ನುಡಿಸಲಿಲ್ಲ.

ಅಷ್ಟರಲ್ಲಿ ಬೇಸ್ ಗಿಟಾರ್ ಸಿಡ್ ವಿಷಸ್ ಕೈಗೆ ಬಂದಿತ್ತು. ಹಾಡುಗಳ ರಾಗ ಕಟ್ಟುತ್ತಿದ್ದ ಮ್ಯಾಟ್‌ಲಾಕ್ ಹೊರಗೆ, ಗಿಟಾರ್ ಹಿಡಿಯಲೂ ಬಾರದ ಸಿಡ್ ಒಳಗೆ. ಆಲ್ಬಮ್ಮಿನಲ್ಲಿ ಬೇಸ್ ಬಹುಪಾಲು ನುಡಿಸಿದ್ದು ಜೋನ್ಸ್. ಸಿಡ್ ಇದ್ದದ್ದು ಫೋಟೋಗೆ. ನನ್ನಂಥವನಿಗೂ ಒಂದು ಜಾಗ ಇತ್ತಲ್ಲ ಅಂತ ಮೊದಲು ಖುಷಿಯಾಗಿತ್ತು. ಆ ಖುಷಿ ಜಾಸ್ತಿ ಹೊತ್ತು ನಿಲ್ಲಲಿಲ್ಲ. ಹೆರಾಯಿನ್, ಬ್ಲೇಡು, ರಕ್ತ. 1978ರ ಜನವರಿಯಲ್ಲಿ ಅಮೆರಿಕದ ಪ್ರವಾಸಕ್ಕೆ ಮೆಕ್ಲಾರೆನ್ ಬೇಕಂತಲೇ ದಕ್ಷಿಣದ ಒರಟು ಊರುಗಳನ್ನು ಆರಿಸಿದ, ಜಗಳ ಆಗಲಿ ಅಂತ. ಆಯಿತು. 14ರಂದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಐದು ಸಾವಿರ ಜನರ ಮುಂದೆ ಕೊನೆಯ ಹಾಡು ಮುಗಿಸಿ, ಮೋಸಹೋದೆವು ಅಂತ ನಿಮಗೆ ಯಾವತ್ತಾದರೂ ಅನಿಸಿದೆಯಾ ಅಂತ ಕೇಳಿ ಲೈಡನ್ ನಡೆದುಬಿಟ್ಟ. ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಚೆಲ್ಸಿ ಹೋಟೆಲಿನಲ್ಲಿ ಸಿಡ್‌ನ ಗೆಳತಿ ನ್ಯಾನ್ಸಿ ಸ್ಪಂಜೆನ್ ಹೊಟ್ಟೆಗೆ ಇರಿತವಾಗಿ ಸತ್ತಳು. ಅವಳಿಗೆ 20. ಕೊಲೆಯ ಆರೋಪ ಸಿಡ್ ಮೇಲೆ. ವಿಚಾರಣೆಗೆ ಮುಂಚೆಯೇ, 1979ರ ಫೆಬ್ರವರಿ 2ರಂದು ಅವನೂ ಹೆರಾಯಿನ್ ಜಾಸ್ತಿಯಾಗಿ ಸತ್ತ. ಅವನಿಗೆ 21. ಈಗ ಅವನ ಮುಖ ಟಿ ಶರ್ಟಿನ ಮೇಲೆ ಚರ್ಚ್ ಸ್ಟ್ರೀಟಿನಲ್ಲೂ ಓಡಾಡುತ್ತದೆ. ನಾನದನ್ನು ಕೊಳ್ಳುವುದಿಲ್ಲ.

ಇನ್ನೊಂದನ್ನೂ ಮುಚ್ಚಿಡಬಾರದು. ಸಿಡ್, ಸೂಸಿ ಮೈಮೇಲೆ ನಾಜಿಗಳ ಸ್ವಸ್ತಿಕ ಹಾಕಿಕೊಂಡು ಓಡಾಡಿದರು, ಅಂಗಡಿ ಅಂಥ ಅಂಗಿಗಳನ್ನು ಮಾರಿತು. ಯುದ್ಧ ನೋಡಿದ ಅಪ್ಪ ಅಮ್ಮನ ತಲೆಮಾರನ್ನು ಕೆಣಕಲು ಅಂತ ಸಮಜಾಯಿಷಿ ಕೊಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ರಾಣಿಯನ್ನು ಕೆಣಕುವುದು ಬೇರೆ, ಅನಿಲದ ಕೋಣೆಯಲ್ಲಿ ಸತ್ತವರನ್ನು ಆಟಕ್ಕೆ ಎಳೆಯುವುದು ಬೇರೆ.

ಬ್ಯಾಂಡು ಇದ್ದದ್ದು ಎರಡೂ ಚಿಲ್ಲರೆ ವರ್ಷ, ಅದರ ಕೋರ್ಟು ಕೇಸು ನಡೆದದ್ದು ನಾಲ್ಕು ದಶಕ. 1986ರಲ್ಲಿ ಮೆಕ್ಲಾರೆನ್ ಕೈಯಿಂದ ಹಕ್ಕು ಬಿಡಿಸಿಕೊಂಡರು. 1996ರಲ್ಲಿ ದುಡ್ಡಿಗೋಸ್ಕರ ಸೇರಿದ್ದೇವೆ ಅಂತ ಹೇಳಿಯೇ ಮತ್ತೆ ಪ್ರವಾಸ ಹೊರಟರು. 2006ರಲ್ಲಿ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವಕ್ಕೆ ಕರೆದಾಗ ಲೈಡನ್ ಉಗಿದು ಪತ್ರ ಬರೆದ. 2008ರಲ್ಲಿ ಅದೇ ಲೈಡನ್ ಟಿವಿಯಲ್ಲಿ ಬೆಣ್ಣೆ ಜಾಹೀರಾತಿಗೆ ಬಂದ. 2015ರಲ್ಲಿ ಇವರ ಹೆಸರಿನ ಕ್ರೆಡಿಟ್ ಕಾರ್ಡ್ ಬಂತು! ಮರುವರ್ಷ ಮೆಕ್ಲಾರೆನ್, ವೆಸ್ಟ್‌ವುಡ್ ಮಗ ಜೋ ಕೊರೆ ಥೇಮ್ಸ್ ನದಿಯಲ್ಲಿ ದೋಣಿಯ ಮೇಲೆ, 50 ಲಕ್ಷ ಪೌಂಡು ಬೆಲೆಯದು ಅಂತ ಹೇಳಿ ಆ ಕಾಲದ ಬಟ್ಟೆಬರೆ, ಸಾಮಾನುಗಳಿಗೆ ಬೆಂಕಿ ಇಟ್ಟ. 2021ರಲ್ಲಿ, ಒಂದು ಟಿವಿ ಸರಣಿಗೆ ಹಾಡು ಕೊಡುವ ವಿಷಯಕ್ಕೆ ಜೋನ್ಸ್ ಮತ್ತು ಕುಕ್ ಒಂದು ಕಡೆ, ಲೈಡನ್ ಇನ್ನೊಂದು ಕಡೆ ನಿಂತು ಲಂಡನ್ ಹೈಕೋರ್ಟಿನಲ್ಲಿ ಬಡಿದಾಡಿದರು. ಬಹುಮತ ಇದ್ದರೆ ಸಾಕು ಅಂತ ಹಳೆಯ ಒಪ್ಪಂದ ಇತ್ತು, ಲೈಡನ್ ಸೋತ. ಅನಾರ್ಕಿ ಬೇಕು ಅಂದವರು ಬಹುಮತದ ಕರಾರಿಗೆ ಸಹಿ ಹಾಕಿದ್ದರು.

ಹಾಗಾದರೆ ಉಳಿದದ್ದೇನು? 1976ರ ಜುಲೈನಲ್ಲಿ ಹೇಸ್ಟಿಂಗ್ಸ್ ಊರಿನ ಕಡಲಕಟ್ಟೆಯ ಹಾಲಿನಲ್ಲಿ ಇವರನ್ನು ನೋಡಿದ ಒಬ್ಬ ಹುಡುಗಿ, ಅಪ್ಪ ಸೊಮಾಲಿಯಾದವನು, ಹಲ್ಲಿಗೆ ತಂತಿ ಕಟ್ಟಿಸಿಕೊಂಡವಳು, ಪಾಲಿ ಸ್ಟೈರೀನ್ ಅಂತ ಹೆಸರಿಟ್ಟುಕೊಂಡು ಎಕ್ಸ್ ರೇ ಸ್ಪೆಕ್ಸ್ ಬ್ಯಾಂಡ್ ಕಟ್ಟಿದಳು. (ಆಮೇಲೆ ಹರೇ ಕೃಷ್ಣ ಪಂಥ ಸೇರಿದಳು, ಅದೇ ಬೇರೆ ಕಥೆ.) ಹುಡುಗಿಯರೇ ಸೇರಿ ಸ್ಲಿಟ್ಸ್ ಕಟ್ಟಿದರು. ಲಂಡನ್ನಿನ ರಾಕ್ಸಿ ಕ್ಲಬ್ಬಿನಲ್ಲಿ ಹಾಕೋಕೆ ಪಂಕ್ (ಇವರ ಥರದ ಸಂಗೀತಕ್ಕೆ ಬಿದ್ದ ಹೆಸರು) ರೆಕಾರ್ಡುಗಳೇ ಇರಲಿಲ್ಲ, ಹಾಗಾಗಿ ಜಮೈಕಾ ಮೂಲದ ಡಾನ್ ಲೆಟ್ಸ್ ತನ್ನ ಮನೆಯ ರೆಗ್ಗೆ ರೆಕಾರ್ಡುಗಳನ್ನು ಹಾಕಿದ, ಬಿಳಿ ಹುಡುಗರು ಅದಕ್ಕೆ ಕುಣಿದರು. ಸುಂದರವಾಗಿರಬೇಕು, ಚೆನ್ನಾಗಿ ಹಾಡಬೇಕು, ಯಾರದೋ ಪರಿಚಯ ಇರಬೇಕು ಅನ್ನುವ ಮೂರೂ ಷರತ್ತು ಒಂದೇ ವರ್ಷದಲ್ಲಿ ಬಿದ್ದುಹೋದವು.

ನನ್ನ ಮಟ್ಟಿಗೆ ಈ ಬ್ಯಾಂಡಿನ ಕಥೆ ತಿರುಗಿದ್ದು ಮಾತ್ರ 2013ರಲ್ಲಿ. 1978ರ ಅಕ್ಟೋಬರಿನಲ್ಲಿ, ಪಿಸ್ಟಲ್ಸ್ ಒಡೆದ ಮೇಲೆ, ಲೈಡನ್ ಬಿಬಿಸಿ ರೇಡಿಯೋಗೆ ಒಂದು ಸಂದರ್ಶನ ಕೊಟ್ಟಿದ್ದ. ಅದರಲ್ಲಿ ಯಾರನ್ನು ಕೊಲ್ಲಬೇಕು ಅನಿಸುತ್ತದೆ ಅನ್ನುವ ಮಾತು ಬಂದಾಗ ಜಿಮ್ಮಿ ಸೆವಿಲ್ ಹೆಸರು ಹೇಳಿದ. ಅವನು ಕಪಟಿ, ಅವನ ಹೊಲಸು ವ್ಯವಹಾರ ನಮಗೆಲ್ಲ ಗೊತ್ತು, ಆದರೆ ಮಾತಾಡುವ ಹಾಗಿಲ್ಲ ಅಂದ, ಇದನ್ನು ನೀವು ಪ್ರಸಾರ ಮಾಡಲ್ಲ ಬಿಡಿ ಅಂತಲೂ ಸೇರಿಸಿದ. ಆ ಮಾತು ಪ್ರಸಾರ ಆಗಲಿಲ್ಲ. ಸೆವಿಲ್ ಅಂದರೆ ಬಿಬಿಸಿಯ ಮನೆಮಾತು, ಮಕ್ಕಳ ಕಾರ್ಯಕ್ರಮ ನಡೆಸುತ್ತಿದ್ದವನು, ಆಸ್ಪತ್ರೆಗಳಿಗೆ ಚಂದಾ ಎತ್ತುತ್ತಿದ್ದವನು, 1990ರಲ್ಲಿ ಸರ್ ಪದವಿ ಪಡೆದವನು. 2011ರಲ್ಲಿ ಸತ್ತ. ಮುಂದಿನ ವರ್ಷ ಸತ್ಯ ಹೊರಬಂತು. ದಶಕಗಳ ಕಾಲ ಅವನು ಮಾಡಿದ ಲೈಂಗಿಕ ದೌರ್ಜನ್ಯಗಳ ಬಗ್ಗೆ 450ರಷ್ಟು ಜನ ಪೊಲೀಸರ ಮುಂದೆ ಬಂದರು, ಅವರಲ್ಲಿ ಹೆಚ್ಚಿನವರು ಆಗ ಮಕ್ಕಳು. ಅದಾದ ಮೇಲೆ, 2013ರಲ್ಲಿ, ಲೈಡನ್‌ನ ಹಳೆಯ ಆಲ್ಬಮ್ ಒಂದರ ಮರುಮುದ್ರಣದ ಜೊತೆ ಆ ಸಂದರ್ಶನ ಪೂರ್ತಿ ಬಂತು.

ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಅದನ್ನು ಕೇಳಿದೆ. 22 ವರ್ಷದ ಹುಡುಗನ ದನಿ. ಹೇಳುವಾಗ ವೀರಾವೇಶ ಏನಿಲ್ಲ, ಊರಿಗೆಲ್ಲ ಗೊತ್ತಿರುವ ಸಂಗತಿ ಹೇಳಿದ ಹಾಗೆ ಹೇಳುತ್ತಾನೆ. ಒಂದು ಹಾಡನ್ನು ಕೆಟ್ಟ ಅಭಿರುಚಿಯದು ಅಂತ ನಿಷೇಧಿಸಿದ ಅದೇ ಸಂಸ್ಥೆ, ಆ ಹೊತ್ತಿಗೆ ಮಕ್ಕಳನ್ನು ಸಾಲಾಗಿ ತಂದು ಸೆವಿಲ್ ಪಕ್ಕ ಕೂರಿಸುತ್ತಿತ್ತು. ಟಿವಿ ಒದ್ದು ಒಡೆದ ಆ ಲಾರಿ ಡ್ರೈವರನ ಎಂಟು ವರ್ಷದ ಮಗನನ್ನು ನೆನೆದೆ. ಶನಿವಾರ ಸಂಜೆ ಅವನು ಯಾವ ಕಾರ್ಯಕ್ರಮ ನೋಡುತ್ತಿದ್ದಿರಬಹುದು? ನೆಲ ಡೊಂಕಿತ್ತು. ಕುಣಿಯಲು ಬಾರದವನು ಹೇಳಿದ ಅನ್ನುವ ಒಂದೇ ಕಾರಣಕ್ಕೆ ಯಾರೂ ಬಗ್ಗಿ ನೋಡಲಿಲ್ಲ.

ಇದರಿಂದ ಲೈಡನ್ ದೊಡ್ಡ ಮನುಷ್ಯನಾದ ಅಂತೇನಲ್ಲ. ಅಮೆರಿಕಕ್ಕೆ ಹೋಗಿ ನೆಲೆಸಿದ, ಟ್ರಂಪ್ ಪರ ಮಾತಾಡಿದ, ಹಳೆಯ ಗೆಳೆಯರನ್ನು ಬಾಯಿಗೆ ಬಂದ ಹಾಗೆ ಬೈದ. 2024ರಲ್ಲಿ ಜೋನ್ಸ್, ಕುಕ್, ಮ್ಯಾಟ್‌ಲಾಕ್ ಮತ್ತೆ ಸೇರಿ ನುಡಿಸಿದಾಗ ಹಾಡಲು ಬೇರೊಬ್ಬನನ್ನು ಕರೆದುಕೊಂಡರು.

ಇಲ್ಲಿಯವರೆಗೆ ಅವನು ಇವನು ಅಂತಲೇ ಬರೆದೆ. ಮುಂದಿನದನ್ನು ಬರೆಯುವಾಗ ಹಾಗೆ ಬರೆಯೋಕೆ ಕೈ ಬರುತ್ತಿಲ್ಲ. ಲೈಡನ್ ಅವರ ಹೆಂಡತಿ ನೋರಾ ಫಾರ್ಸ್ಟರ್, ಜರ್ಮನಿಯವರು, ಅವರಿಗಿಂತ ಹದಿಮೂರು ವರ್ಷ ದೊಡ್ಡವರು. ಪಂಕ್ ದಿನಗಳಲ್ಲಿ ಶುರುವಾದ ಸಂಬಂಧ ನಲವತ್ತು ವರ್ಷ ದಾಟಿತು. ನೋರಾ ಅವರ ಮಗಳು ಆರಿ ಅಪ್, ಸ್ಲಿಟ್ಸ್ ಬ್ಯಾಂಡಿನ ಹಾಡುಗಾರ್ತಿ. ಆರಿಯ ಅವಳಿ ಮಕ್ಕಳನ್ನು ಸಾಕಿದ್ದು ಲೈಡನ್ ಮತ್ತು ನೋರಾ. ಆಮೇಲೆ ನೋರಾ ಅವರಿಗೆ ಆಲ್ಝೈಮರ್ಸ್ ಬಂತು. ಲೈಡನ್ ಯಾವ ಸಂಸ್ಥೆಗೂ ಸೇರಿಸದೆ ಮನೆಯಲ್ಲೇ ತಾವೇ ನೋಡಿಕೊಂಡರು. ಏಳು ವರ್ಷದವನಿದ್ದಾಗ ಅಪ್ಪ ಅಮ್ಮನ ಮುಖ ಮರೆತು ಎದ್ದ ಹುಡುಗ ಇವರೇ ತಾನೇ. 2023ರ ಫೆಬ್ರವರಿಯಲ್ಲಿ, 67ನೇ ವಯಸ್ಸಿನಲ್ಲಿ, ಯುರೋಪಿನ ದೇಶಗಳ ಹಾಡಿನ ಸ್ಪರ್ಧೆ ಯೂರೋವಿಷನ್‌ಗೆ ಐರ್ಲೆಂಡಿನಿಂದ ಹೋಗಲು ಟಿವಿಯಲ್ಲಿ ಒಂದು ಹಾಡು ಹಾಡಿದರು. ಹೆಂಡತಿಗೆ ಬರೆದ ಹಾಡು, ಇಬ್ಬರೂ ಹಿಂದೆ ಹವಾಯಿಗೆ ಹೋಗಿ ಖುಷಿಯಾಗಿ ಕಳೆದ ದಿನಗಳ ನೆನಪು. ಗೆಲ್ಲಲಿಲ್ಲ. ಏಪ್ರಿಲಿನಲ್ಲಿ ನೋರಾ ತೀರಿಕೊಂಡರು.

ಮೊನ್ನೆ ರಾತ್ರಿ ಪಾತ್ರೆ ಒರೆಸುತ್ತಾ ಫೋನಿನಲ್ಲಿ ಆ ಹಾಡು ಹಾಕಿದ್ದೆ. ದನಿ ಒಡೆದಿದೆ, ಶ್ರುತಿ ಈಗಲೂ ಅಷ್ಟಕ್ಕಷ್ಟೇ. ಹೆಂಡತಿ ನೀರು ಕುಡಿಯೋಕೆ ಬಂದವಳು ಅಲ್ಲೇ ನಿಂತು ಸ್ವಲ್ಪ ಹೊತ್ತು ಕೇಳಿದಳು.

"ಯಾರು ರೀ ಇದು, ಪಾಪ" ಅಂದಳು.

ಒಬ್ಬರು ಹಳೇ ಹಾಡುಗಾರರು ಅಂದೆ. ಬ್ಯಾಂಡಿನ ಹೆಸರು ಕೇಳಲಿಲ್ಲ, ನಾನೂ ಹೇಳಲಿಲ್ಲ.